ಅಡಿಕೆ ತೋಟದ ಕಳೆಗೆ ಸಂವೇದಕ ಮತ್ತು ರೋಬಾಟ್: ಕಲಿಕೆಯ ಮೊದಲ ಹೆಜ್ಜೆಗಳು

ಪುತ್ತೂರು, ಸುಳ್ಯ ಮತ್ತು ಕಡಬ ತಾಲೂಕುಗಳ ಅಡಿಕೆ ತೋಟಗಳಲ್ಲಿ ಕಳೆ ನಿರ್ವಹಣೆಯೆಂದರೆ ನೆಲವನ್ನು ಬೋಳು ಮಾಡುವುದಲ್ಲ. ವರ್ಷಕ್ಕೆ 3,500 ಮಿ.ಮೀ.ಗೂ ಮೀರಿ ಮಳೆ ಸುರಿಯುವ ಈ ಇಳಿಜಾರು ನೆಲದಲ್ಲಿ ಹಸುರು ಹೊದಿಕೆ ಇಲ್ಲವಾದರೆ ಮೇಲ್ಮಣ್ಣು ಕಣಿಯ ಪಾಲಾಗುತ್ತದೆ. ಅಡಿಕೆಯ ಆಹಾರ ಹೀರುವ ಬೇರುಗಳು ಬಹುಪಾಲು ಬುಡದ ಸುತ್ತಲೇ, ಮೇಲ್ಪದರದಲ್ಲೇ ಹರಡಿರುವುದರಿಂದ ಅಗೆದು ಕಳೆ ತೆಗೆದರೆ ಬೇರಿಗೂ ಪೆಟ್ಟು ಬೀಳುತ್ತದೆ. ಹುಲ್ಲನ್ನು ಹೆರೆದು ಅಲ್ಲೇ ಮುಚ್ಚಿಗೆಯಾಗಿ ಬಿಡುವುದು, ಅದನ್ನೂ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಸಿಂಪಡಿಸುವವರು ಓಡಾಡುವ ಮುನ್ನ ಒಮ್ಮೆ, ಮಳೆ ಕಡಿಮೆಯಾದ ಮೇಲೆ ಬಿದ್ದ ಅಡಿಕೆ ಕಣ್ಣಿಗೆ ಕಾಣುವಂತೆ ಇನ್ನೊಮ್ಮೆ ಮಾಡುವುದು ಇಲ್ಲಿನ ತೋಟಕ್ಕೆ ಒಗ್ಗುವ ಕ್ರಮ. ಈ ಎರಡು ಹೊತ್ತಿನಲ್ಲಿಯೇ ಆಳುಗಳು ಸಿಗದಿರುವುದು ಕೃಷಿಕರ ನಿಜವಾದ ಕಷ್ಟವಾಗಿರುವುದರಿಂದ, ಯಾವುದೇ ಹೊಸ ಯಂತ್ರವನ್ನು ಅಳೆಯಬೇಕಾದದ್ದು ಈ ಕೆಲಸವನ್ನು ಅದು ಸಕಾಲದಲ್ಲಿ ಮುಗಿಸುತ್ತದೆಯೇ ಎಂಬುದರಿಂದಲೇ ಹೊರತು ಅದರ ಹೊಳಪಿನಿಂದಲ್ಲ.

ಸಂವೇದಕ ಎಂದರೆ ಬೆಳಕು, ದೂರ, ಓರೆ ಮುಂತಾದವನ್ನು ಅಳೆದು ಅಂಕಿಯಾಗಿ ಯಂತ್ರಕ್ಕೆ ತಿಳಿಸುವ ಸಾಧನ. ಹಸುರೆಲೆಯು ಕೆಂಪು ಬೆಳಕನ್ನು ಹೆಚ್ಚಾಗಿ ಹೀರಿಕೊಂಡು, ಕಣ್ಣಿಗೆ ಕಾಣದ ಅವಕೆಂಪು ಬೆಳಕಿನ ಬಹುಭಾಗವನ್ನು ಹಿಂದಕ್ಕೆ ಚಿಮ್ಮಿಸುತ್ತದೆ. ಬರಿಮಣ್ಣಿನಲ್ಲಿ ಇವೆರಡರ ನಡುವಿನ ಅಂತರ ಅಲ್ಪ. ಅವಕೆಂಪಿನ ಅಳತೆಯಿಂದ ಕೆಂಪಿನ ಅಳತೆಯನ್ನು ಕಳೆದು, ಬಂದದ್ದನ್ನು ಅವೆರಡರ ಮೊತ್ತದಿಂದ ಭಾಗಿಸಿದರೆ ಸಿಗುವ ಅಂಕಿಗೆ ಸಸ್ಯ ಸೂಚ್ಯಂಕ ಎಂದು ಹೆಸರು. ಉದಾಹರಣೆಗೆ ಎಲೆಯೊಂದರಿಂದ ಅವಕೆಂಪು ಶೇ. 48, ಕೆಂಪು ಶೇ. 8 ಹಿಂದಿರುಗಿದರೆ ಸೂಚ್ಯಂಕ 40ನ್ನು 56ರಿಂದ ಭಾಗಿಸಿದಷ್ಟು, ಅಂದರೆ ಸುಮಾರು 0.71 ಆಗುತ್ತದೆ, ಮಣ್ಣಿನಿಂದ 26 ಮತ್ತು 20 ಹಿಂದಿರುಗಿದರೆ ಅದು 0.13ಕ್ಕೆ ಇಳಿಯುತ್ತದೆ. ಸಾಲುಗಳ ನಡುವೆ ಬರಿಮಣ್ಣು ಕಾಣುವ ಬಯಲುಸೀಮೆಯ ಹೊಲದಲ್ಲಿ ಇಷ್ಟು ಗುರುತೇ ಸಾಕಾದರೂ ಅಡಿಕೆ ತೋಟದಲ್ಲಿ ಸಾಲದು, ಏಕೆಂದರೆ ಇಲ್ಲಿ ಕಾಳುಮೆಣಸಿನ ಹಬ್ಬು ಬಳ್ಳಿಯೂ ಹಸುರು, ಬಾಳೆಯ ಕಂದೂ ಹಸುರು, ಎಡೆಸಸಿಯಾಗಿ ನೆಟ್ಟ ಅಡಿಕೆ ಗಿಡವೂ ಹಸುರು, ಮಳೆಗಾಲದಲ್ಲಿ ನೆಲ ಹತ್ತಿದ ಪಾಚಿಯೂ ಹಸುರು. ಮರಗಳ ನೆರಳಿನಲ್ಲಿ ಬೆಳಕು ಕ್ಷಣಕ್ಕೊಂದು ಬಗೆಯಾಗುವುದರಿಂದ, ಬಿಸಿಲನ್ನು ನಂಬುವ ಸಂವೇದಕಕ್ಕಿಂತ ತನ್ನದೇ ದೀಪದಿಂದ ಬೆಳಕು ಬೀರಿ ಅಳೆಯುವ ಸಂವೇದಕವೇ ಇಲ್ಲಿಗೆ ಮೇಲು.

ಹಸುರಿನೊಳಗೆ ಹಸುರನ್ನು ಬೇರ್ಪಡಿಸುವ ಕೆಲಸ ಕ್ಯಾಮೆರಾದ್ದು. ಸಾವಿರಾರು ಚಿತ್ರಗಳಲ್ಲಿ ಇದು ಕಳೆ, ಇದು ಬೆಳೆ ಎಂದು ಮನುಷ್ಯರು ಗುರುತು ಹಾಕಿಕೊಟ್ಟಾಗ ಗಣಕ ಅವುಗಳ ಆಕಾರ, ಅಂಚು, ಬಣ್ಣಗಳನ್ನು ಕಲಿಯುತ್ತದೆ. ಜಾನ್ ಡೀರ್ ಸಂಸ್ಥೆ 2017ರಲ್ಲಿ ಕೊಂಡುಕೊಂಡ ಅಮೆರಿಕದ ಬ್ಲೂ ರಿವರ್ ಕಂಪನಿಯ ಯಂತ್ರವು ಹೀಗೆ ಕಲಿತೇ ಹತ್ತಿಯಂಥ ಬೆಳೆಗಳ ನಡುವಿನ ಕಳೆಗೆ ಮಾತ್ರ ಔಷಧ ಬಿಡುವ ಮಟ್ಟಕ್ಕೆ ಬಂದಿತು. ಆದರೆ ಅಲ್ಲಿಯ ಹೊಲದಲ್ಲಿ ಕಲಿತ ಕ್ಯಾಮೆರಾಕ್ಕೆ ಸುಳ್ಯದ ತೋಟದ ನಾಚಿಕೆಮುಳ್ಳು, ಕಮ್ಯುನಿಸ್ಟ್ ಗಿಡ, ಮರವನ್ನೇ ಸುತ್ತಿ ಮುಚ್ಚುವ ಮಿಕಾನಿಯಾ ಬಳ್ಳಿಗಳ ಪರಿಚಯ ಇರುವುದಿಲ್ಲ. ಕಡಬದ ರಬ್ಬರ್ ತೋಟಗಾರರು ಮಣ್ಣಿನ ರಕ್ಷಣೆಗೆಂದೇ ಬೆಳೆಸುವ ಪ್ಯುರೇರಿಯಾ ಹೊದಿಕೆ ಬಳ್ಳಿಯನ್ನು ಅದು ಕಳೆಯೆಂದೇ ಬಗೆದೀತು. ಹೀಗಾಗಿ ಕಲಿಕೆ ಕೃಷಿಕರದ್ದಷ್ಟೇ ಅಲ್ಲ, ಯಂತ್ರದ್ದೂ ಹೌದು. ಅದಕ್ಕೆ ಪಾಠ ಹೇಳಬಲ್ಲವರು ಗಿಡವನ್ನು ಎರಡೆಲೆಯಲ್ಲೇ ಗುರುತಿಸುವ ಈ ಊರಿನ ಕೃಷಿಕರೇ. ಮೊಬೈಲ್‌ನಲ್ಲಿ ಒಂದೊಂದು ಕಳೆಯನ್ನೂ ಮೊಳಕೆ, ಎಳೆಗಿಡ, ಹೂ ಬಿಟ್ಟ ಗಿಡ ಎಂಬ ಮೂರು ಹಂತಗಳಲ್ಲಿ, ಬಿಸಿಲಿನಲ್ಲೂ ನೆರಳಿನಲ್ಲೂ ಚಿತ್ರ ತೆಗೆದು ಊರಿನ ಹೆಸರಿನೊಂದಿಗೆ ಇಟ್ಟುಕೊಳ್ಳುವುದು ಖರ್ಚಿಲ್ಲದ, ಇಂದೇ ತೊಡಗಬಹುದಾದ ಮೊದಲ ಅಭ್ಯಾಸ.

ರೋಬಾಟ್ ಎಂಬುದು ಸಂವೇದಕದ ಮಾಹಿತಿಯನ್ನು ಆಧರಿಸಿ ತಾನೇ ಚಲಿಸಿ ಕೆಲಸ ಮಾಡುವ ಯಂತ್ರ. ಬಯಲಿನಲ್ಲಿ ಅದು ದಾರಿ ಹಿಡಿಯುವುದು ಉಪಗ್ರಹದ ಸಂಕೇತದಿಂದ. ಹತ್ತಿರದ ನೆಲಕೇಂದ್ರದ ತಿದ್ದುಪಡಿ ಸಿಕ್ಕಿದರೆ ಎರಡು ಮೂರು ಸೆಂ.ಮೀ.ನಷ್ಟು ನಿಖರತೆ ಸಾಧ್ಯ. ಅಡಿಕೆಯ ಸೋಗೆಗಳ ಕೆಳಗೆ ಆ ಸಂಕೇತ ಕ್ಷೀಣಿಸುವುದರಿಂದ, ಲೇಸರ್ ಕಿರಣ ಬಿಟ್ಟು ಅದು ಮರಳಿ ಬರುವ ಹೊತ್ತಿನಿಂದ ದೂರ ಅಳೆಯುವ ಲೈಡಾರ್ ಎಂಬ ಸಾಧನ ಬೇಕಾಗುತ್ತದೆ. ಈ ವಿಷಯದಲ್ಲಿ ಅಡಿಕೆ ತೋಟ ಬೇರೆ ಅನೇಕ ತೋಟಗಳಿಗಿಂತ ಅನುಕೂಲಕರವಾಗಿದೆ: ಕೊಂಬೆಯಿಲ್ಲದ ನೇರ ಕಾಂಡಗಳು 2.7 ಮೀಟರ್ ಅಂತರದಲ್ಲಿ ಚೌಕಾಕಾರವಾಗಿ ನಿಂತಿರುವುದರಿಂದ ಅವೇ ಯಂತ್ರಕ್ಕೆ ಮೈಲುಗಲ್ಲುಗಳಾಗುತ್ತವೆ. ಕೊಕ್ಕೊವನ್ನು ಶಿಫಾರಸಿನಂತೆ 2.7 x 5.4 ಮೀಟರ್‌ನಲ್ಲಿ ನೆಟ್ಟ ತೋಟದಲ್ಲಿ ಒಂದು ಬಿಟ್ಟು ಒಂದು ಎಡೆ ಖಾಲಿ ಇದ್ದು, ಕೆಳಗೆ ಬಾಗಿದ ಗೆಲ್ಲುಗಳನ್ನು ಸವರಿದರೆ ಅದೇ ಯಂತ್ರದ ಹಾದಿಯಾಗಬಲ್ಲದು. ಗೇರು ತೋಟದಲ್ಲಿ ಮರಗಳ ಅಂತರ ಇನ್ನೂ ಹೆಚ್ಚಿರುವುದರಿಂದ, ಬೀಜ ಬೀಳುವ ಮೊದಲು ಮರದಡಿಯನ್ನು ಚೊಕ್ಕಟ ಮಾಡುವ ಕೆಲಸಕ್ಕೆ ಇಂಥ ಯಂತ್ರ ಬೇಗ ಹೊಂದೀತು.

ತೊಡಕಿರುವುದು ನೆಲದಲ್ಲಿ. ಕಣಿಗಳು, ಬಿದ್ದ ಸೋಗೆ ಮತ್ತು ಹಾಳೆ, ಹುಲ್ಲಿನಲ್ಲಿ ಮರೆಯಾದ ತುಂತುರು ನೀರಾವರಿಯ ಪೈಪು, ಜಾರುವ ಕೆಂಪುಮಣ್ಣಿನ ಓರೆ, ಇವೆಲ್ಲ ಒಂದೇ ತೋಟದಲ್ಲಿ ಸೇರಿರುತ್ತವೆ. ಈ ಕಾರಣದಿಂದ ಪೂರ್ಣ ಸ್ವಯಂಚಾಲಿತ ರೋಬಾಟ್‌ಗೆ ಕೈಹಾಕುವ ಬದಲು, ಮನುಷ್ಯರು ದೂರದಲ್ಲಿ ನಿಂತು ರಿಮೋಟ್‌ನಿಂದ ನಡೆಸುವ, ಚಕ್ರದ ಬದಲು ಪಟ್ಟಿಯ ಮೇಲೆ ಚಲಿಸುವ ಹುಲ್ಲು ಹೆರೆಯುವ ಯಂತ್ರದಿಂದ ಕಲಿಕೆ ಆರಂಭಿಸುವುದೇ ಸರಿಯಾದ ಕ್ರಮ. ಅಂಥ ಯಂತ್ರದಲ್ಲಿ ಓರೆ ಮಿತಿಮೀರಿದಾಗ ತಾನೇ ನಿಲ್ಲುವ ಸಂವೇದಕ, ಮನುಷ್ಯರೋ ದನವೋ ಅಡ್ಡ ಬಂದರೆ ಅಲಗು ತಿರುಗುವುದನ್ನು ನಿಲ್ಲಿಸುವ ವ್ಯವಸ್ಥೆ, ಕೈಗೆಟಕುವ ತುರ್ತು ಗುಂಡಿ ಇವೆಯೇ ಎಂದು ನೋಡಬೇಕು. ಅಲಗಿನ ಎತ್ತರವನ್ನು ಕನಿಷ್ಠ ನಾಲ್ಕು ಬೆರಳಿನಷ್ಟು ಮೇಲಿಟ್ಟರೆ ಬೇರಿಗೂ ಪೈಪಿಗೂ ಕ್ಷೇಮ. ವಿದ್ಯುತ್ ಭಾಗಗಳ ಮೇಲೆ ಐಪಿ ಎಂದು ಬರೆದು ನಮೂದಿಸುವ ಎರಡು ಅಂಕಿಗಳಲ್ಲಿ ಎರಡನೆಯದು ನೀರಿನಿಂದ ಇರುವ ರಕ್ಷಣೆಯನ್ನು ಹೇಳುತ್ತದೆ. 5 ಎಂದರೆ ನೀರಿನ ಚಿಮ್ಮುವಿಕೆಯನ್ನಷ್ಟೇ ತಡೆಯುತ್ತದೆ, 7 ಎಂದರೆ ಸ್ವಲ್ಪ ಹೊತ್ತು ನೀರಿನಲ್ಲಿ ಮುಳುಗಿದರೂ ಬಾಳುತ್ತದೆ.

ಸಂವೇದಕದ ಸಹಾಯದಿಂದ ಕಳೆನಾಶಕ ಸಿಂಪಡಿಸುವ ವಿಚಾರದಲ್ಲಿ ಎಚ್ಚರಿಕೆ ಅಗತ್ಯ. ಗ್ಲೈಫೋಸೇಟ್ ಬಳಕೆಯನ್ನು ಕೇಂದ್ರ ಸರ್ಕಾರ 2022ರ ಅಕ್ಟೋಬರ್‌ನಲ್ಲಿ ಪರವಾನಗಿ ಪಡೆದ ಕೀಟ ನಿಯಂತ್ರಕರಿಗೆ ಮಾತ್ರ ಸೀಮಿತಗೊಳಿಸಿ ಆದೇಶ ಹೊರಡಿಸಿತು. ಎಷ್ಟೇ ನಿಖರವಾದ ಯಂತ್ರವಿದ್ದರೂ ತುಂತುರು ತಗುಲಿದ ಕಾಳುಮೆಣಸಿನ ಬಳ್ಳಿಯನ್ನು ಉಳಿಸುವುದು ಕಷ್ಟ. ಮಿಶ್ರಬೆಳೆಯ ತೋಟಕ್ಕೆ ಹೆರೆಯುವ ಯಂತ್ರವೇ ಯೋಗ್ಯ.

ನೆಲದಲ್ಲಿ ನಿಂತೇ ಅಡಿಕೆ ಕೊಯ್ಯಲು ಬಳಸುವ ಕಾರ್ಬನ್ ಫೈಬರ್ ದೋಟಿ ಈ ಸೀಮೆಯಲ್ಲಿ ನೆಲೆಯೂರಿದ್ದು ಅಂಗಡಿಯಲ್ಲಿ ಸಿಗತೊಡಗಿದ್ದರಿಂದಷ್ಟೇ ಅಲ್ಲ, ಯುವಕರಿಗೆ ಶಿಬಿರಗಳಲ್ಲಿ ಅದನ್ನು ಹಿಡಿಯುವ ಬಗೆ ಕಲಿಸಿದ್ದರಿಂದ. ಹೊಸ ಯಂತ್ರಕ್ಕೂ ಅದೇ ದಾರಿ ಬೇಕು. ಕಾಲೆಕರೆ ಸಮತಟ್ಟು ಜಾಗವನ್ನು ಆರಿಸಿ, ಪೈಪುಗಳ ಸ್ಥಾನಕ್ಕೆ ಬಣ್ಣದ ಗೂಟ ನೆಟ್ಟು, ಒಂದು ಮೀಟರ್ ಚೌಕದ ಹಗ್ಗದೊಳಗಿನ ಕಳೆಯನ್ನು ಯಂತ್ರ ಓಡಿಸುವ ಮುನ್ನವೂ ಮೂರು ವಾರದ ನಂತರವೂ ಎಣಿಸಿ, ಇಂಧನ ಮತ್ತು ಹೊತ್ತಿನ ಲೆಕ್ಕವನ್ನು ಪುಸ್ತಕದಲ್ಲಿ ಬರೆದಿಟ್ಟರೆ ಬಾಡಿಗೆ ಆಳಿನ ಖರ್ಚಿನೊಡನೆ ಹೋಲಿಸಲು ಆಧಾರ ಸಿಗುತ್ತದೆ. ಒಂದೆರಡು ಎಕರೆಯ ಹಿಡುವಳಿದಾರರು ಇಂಥ ಯಂತ್ರವನ್ನು ಒಬ್ಬೊಬ್ಬರೇ ಕೊಳ್ಳುವುದು ಸರಿಯಲ್ಲ. ಪ್ರಾಥಮಿಕ ಸಹಕಾರ ಸಂಘದ ಮೂಲಕ ಹತ್ತು ಹದಿನೈದು ಮನೆಗಳು ಸೇರಿ ಇಟ್ಟುಕೊಂಡು, ನಡೆಸಲು ಇಬ್ಬರು ಯುವಕರನ್ನು ತರಬೇತುಗೊಳಿಸುವುದು ಮೇಲು. ಮಾರಾಟಗಾರರು ಒಣ ಮೈದಾನದಲ್ಲಿ ಓಡಿಸಿ ತೋರಿಸಿದ್ದನ್ನು ನೋಡಿ ಕೃಷಿಕರು ಮುಂಗಡ ಕೊಡಬಾರದು. ಜುಲೈ ತಿಂಗಳ ಒಂದು ದಿನ, ತಮ್ಮದೇ ತೋಟದ ಓರೆಯಲ್ಲಿ, ಒದ್ದೆ ಹುಲ್ಲಿನ ಮೇಲೆ ಓಡಿಸಿ ತೋರಿಸುವಂತೆ ಕೇಳಬೇಕು.