ಜಿಪ್ಸಮ್ ಗೋಡೆಯ ತೂತು ನಾವೇ ಮುಚ್ಚೋದು ಹೇಗೆ?

ಮೈಸೂರಿನ ಬಂಡಿಪಾಳ್ಯ ಮಾರುಕಟ್ಟೆ ಹತ್ತಿರ ನಾನು ಬಾಡಿಗೆಗೆ ಹಿಡಿದಿರುವ ರೂಮಿನ ನಡುಗೋಡೆ ಜಿಪ್ಸಮ್ ಬೋರ್ಡಿನದು. ತಟ್ಟಿದರೆ ಟೊಳ್ಳು ಸದ್ದು. ಅದಕ್ಕೆ ಒರಗಿಸಿ ಬಿತ್ತನೆ ರಾಗಿ ಇಟ್ಟಿದ್ದೆ. ಇಲಿ ಗೋಡೆ ಕೊರೆದು ಬಂದು ಒಂದು ಚೀಲವನ್ನೇ ಹಾಳು ಮಾಡಿತು. ಗಾಬರಿಯಲ್ಲಿ ತೂತಿಗೆ ಪೇಪರ್ ತುರುಕಿ ಪುಟ್ಟಿ ಬಳಿದೆ. ಎರಡೇ ದಿನಕ್ಕೆ ಉದುರಿತು. ಹಿಂದೆ ಆಸರೆ ಇಲ್ಲದೆ ಪುಟ್ಟಿ ನಿಲ್ಲಲ್ಲ.

ಮೊಳೆ ತೂತಾದರೆ ಪುಟ್ಟಿ ಸಾಕು. ಅಂಗೈ ಅಗಲದ್ದಾದರೆ ಮೊದಲು ಮೇನ್ ಸ್ವಿಚ್ ಆಫ್ ಮಾಡಿ, ಟಾರ್ಚ್ ಬಿಟ್ಟು ಒಳಗೆ ವೈರ್ ಇದೆಯಾ ನೋಡಿ. ಆಮೇಲೆ ತೂತನ್ನು ಚೌಕವಾಗಿ ಕತ್ತರಿಸಿ. ತೂತಿಗಿಂತ ಉದ್ದದ ಎರಡು ಮರದ ಪಟ್ಟಿ ಒಳಗೆ ತೂರಿಸಿ, ಹೊರಗಿನಿಂದ ಬೋರ್ಡಿಗೆ ಸ್ಕ್ರೂ ಹಾಕಿ. ಪಟ್ಟಿ ಒಳಗೆ ಬಿದ್ದುಹೋಗದಂತೆ ಅದರ ನಡುವೆ ಒಂದು ಸ್ಕ್ರೂ ಅರ್ಧ ತಿರುಗಿಸಿ ಹಿಡ್ಕೊಳ್ಳಿ. ಇಲಿ ಕಾಟ ಇದ್ದರೆ ಪಟ್ಟಿಯ ಮೇಲೆ 6 ಮಿಲಿಮೀಟರಿಗಿಂತ ಸಣ್ಣ ಕಣ್ಣಿನ ಕಬ್ಬಿಣದ ಜಾಲರಿ ಹಾಕಿ. ಬರೀ ಜಿಪ್ಸಮ್ ಇಲಿಗೆ ಲೆಕ್ಕಕ್ಕೇ ಇಲ್ಲ.

ಹಳೆಯದರಷ್ಟೇ ದಪ್ಪದ ಬೋರ್ಡ್ ತುಂಡು ಕೂರಿಸಿ ಪಟ್ಟಿಗೆ ಸ್ಕ್ರೂ ಮಾಡಿ. ಸಂದಿಗೆ ಜಾಲರಿ ಟೇಪ್ ಅಂಟಿಸಿ, ಜಾಯಿಂಟ್ ಪುಟ್ಟಿಯನ್ನು ತೆಳ್ಳಗೆ ಮೂರು ಸಲ ಎಳೆಯಿರಿ. ಪ್ರತಿ ಸಲ ಚೆನ್ನಾಗಿ ಒಣಗಲಿ. ನಾನು ಒಂದೇ ಸಲ ದಪ್ಪಗೆ ಮೆತ್ತಿ, ಬಿರುಕು ಬಿಟ್ಟು, ಎಲ್ಲಾ ಕೆರೆಯಬೇಕಾಯ್ತು. ಉಪ್ಪುಕಾಗದ ಉಜ್ಜುವಾಗ ಮಾಸ್ಕ್ ಇರಲಿ. ಆಮೇಲೆ ಪ್ರೈಮರ್, ಪೇಂಟ್.

ಬೋರ್ಡ್ ಒದ್ದೆಯಾಗಿ ಮೆತ್ತಗಾಗಿದ್ದರೆ ತೇಪೆ ಹಾಕಬೇಡಿ, ನೀರು ಎಲ್ಲಿಂದ ಬರ್ತಿದೆ ಅಂತ ಮೊದಲು ಹುಡುಕಿ. ಚೀಲಗಳನ್ನು ನಾನು ಈಗ ಗೋಡೆಯಿಂದ ಒಂದಡಿ ಆಚೆ, ಹಲಗೆ ಮೇಲೆ ಇಟ್ಟಿದ್ದೀನಿ.