ಪರರ ಬಾಗಿಲು ತಟ್ಟುವವರು

ಗಂಗಾವತಿಯ ಅಕ್ಕಿ ಗಿರಣಿಗಳಲ್ಲಿ, ಕುಷ್ಟಗಿ, ಯಲಬುರ್ಗಾದ ಅಂಗಡಿಗಳಲ್ಲಿ, ಕೊಪ್ಪಳದ ಮನೆಗಳಲ್ಲಿಯೂ ಈಗ ಸಿಸಿಟಿವಿ ಕ್ಯಾಮೆರಾಗಳನ್ನು ಕಾಣುತ್ತೇವೆ. ಊರಲ್ಲಿಲ್ಲದಾಗಲೂ ಫೋನಿನಲ್ಲಿ ನೋಡಬೇಕೆಂದು ಅವನ್ನು ಇಂಟರ್‌ನೆಟ್ಟಿಗೆ ಜೋಡಿಸಿಕೊಳ್ಳುತ್ತೇವೆ. ಜೋಡಿಸಿದವರು ಹೊರಗಿನಿಂದ ನೇರವಾಗಿ ಒಳಬರಲು ದಾರಿ ಬಿಟ್ಟಿದ್ದರೆ, ಆ ದಾರಿಯನ್ನು ಅಪರಿಚಿತರು ದಿನವೂ ತಟ್ಟಿ ನೋಡುತ್ತಿರುತ್ತಾರೆ. ಇದು ನಮ್ಮಲ್ಲಿ ಎಷ್ಟು ಮಂದಿಗೆ ತಿಳಿದಿದೆ?

ತಟ್ಟುವವರೆಲ್ಲ ಕಳ್ಳರಲ್ಲ. ಇದನ್ನೇ ಉದ್ಯೋಗ ಮಾಡಿಕೊಂಡ ಕಂಪನಿಗಳಿವೆ. 2009ರಲ್ಲಿ ಆರಂಭವಾದ ‘ಶೋಡಾನ್’ ಯಾವ ವಿಳಾಸದಲ್ಲಿ ಯಾವ ಯಂತ್ರ ಉತ್ತರ ಕೊಡುತ್ತದೆಂದು ಲೋಕದಾದ್ಯಂತ ಪಟ್ಟಿ ಮಾಡುತ್ತದೆ. ಹಣ ಕೊಟ್ಟವರಿಗೆ ಹೆಚ್ಚು ಹುಡುಕಲು ಬಿಡುತ್ತದೆ. 2013ರಲ್ಲಿ ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದವರು ರಚಿಸಿದ ‘ಜೀಮ್ಯಾಪ್’ ಒಂದೇ ಕಂಪ್ಯೂಟರಿನಿಂದ, 45 ನಿಮಿಷದೊಳಗೆ, ಹಳೆಯ ಮಾದರಿಯ ಸಾರ್ವಜನಿಕ ವಿಳಾಸಗಳನ್ನೆಲ್ಲ ತಟ್ಟಿ ಬರಬಲ್ಲುದು.

ಯಾರನ್ನೂ ಕೇಳದೆ ಹೀಗೆ ಮಾಡುವುದು ನ್ಯಾಯವೇ? ಬೀದಿಯಲ್ಲಿ ಹೋಗುವವನ ಕಣ್ಣಿಗೆ ತೆರೆದ ಬಾಗಿಲು ಬಿದ್ದರೆ ಅದು ತಪ್ಪಲ್ಲ. ಚಿಲಕ ತೆಗೆದು ಒಳಗೆ ಕಾಲಿಟ್ಟರೆ ಅದು ತಪ್ಪೇ. ಮಾಲೀಕರ ಅನುಮತಿಯಿಲ್ಲದೆ ಕಂಪ್ಯೂಟರಿನೊಳಗೆ ಪ್ರವೇಶಿಸುವುದನ್ನು ನಮ್ಮ ದೇಶದ 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯೂ ಒಪ್ಪುವುದಿಲ್ಲ. ಆದರೆ ಇವೆರಡರ ನಡುವೆ ಇನ್ನೊಂದಿದೆ: ಒಳಗೆ ಹೋಗದೆ, ತೆರೆದ ಬಾಗಿಲುಗಳ ಪಟ್ಟಿ ಬರೆದು ಮಾರುವುದು. ಕೊಳ್ಳುವವನು ಕಾವಲುಗಾರನೋ ಕಳ್ಳನೋ, ಮಾರುವವನಿಗೆ ಹೇಗೆ ಗೊತ್ತಾಗಬೇಕು? ಕಷ್ಟವಿರುವುದು ಇಲ್ಲಿಯೇ.

“ನಮ್ಮ ಉದ್ದೇಶ ಒಳ್ಳೆಯದು” ಎಂಬ ಉತ್ತರ ಸಾಲದು. 2012ರಲ್ಲಿ ಹೆಸರು ಹೇಳದ ಒಬ್ಬರು ಇಂಟರ್‌ನೆಟ್ಟಿನ ಗಣತಿ ಮಾಡಲೆಂದು ಸರಿಯಾದ ಪಾಸ್‌ವರ್ಡ್ ಇಲ್ಲದ ಸುಮಾರು 4,20,000 ಪರರ ಸಾಧನಗಳೊಳಗೆ ತಮ್ಮ ಪ್ರೋಗ್ರಾಂ ಇಟ್ಟರು. ಫಲಿತಾಂಶವನ್ನು ಉಚಿತವಾಗಿಯೇ ಹಂಚಿದರು. ವಿದ್ವಾಂಸರಿಗೆ ಅದು ಉಪಯುಕ್ತವೇ ಇರಬಹುದು. ಆದರೂ ಅನ್ಯರ ಎತ್ತನ್ನು ಕೇಳದೆ ಬಿಚ್ಚಿಕೊಂಡು ಹೋಗಿ ಗುಡಿಯ ಹೊಲ ಉತ್ತಂತಾಯಿತು. ಸತ್ಕಾರ್ಯಕ್ಕೂ ದುರ್ಮಾರ್ಗ ಸಲ್ಲದೆಂದು ನಮಗೆ ಕಲಿಸಿದೆಯಲ್ಲವೇ?

‘ಶಾಡೋಸರ್ವರ್’ ಎಂಬ ಲಾಭರಹಿತ ಸಂಸ್ಥೆಯೂ ಕೇಳದೆಯೇ ತಟ್ಟುತ್ತದೆ. ಆದರೆ ಕಂಡದ್ದನ್ನು ಆಯಾ ಜಾಲದ ಹೊಣೆ ಹೊತ್ತವರಿಗೆ ಹಣ ಪಡೆಯದೆ ತಿಳಿಸುತ್ತದೆ. ‘ನಿಮ್ಮ ಬಾಗಿಲು ತೆರೆದಿದೆ’ ಎಂದು ಮನೆಯವರಿಗೆ ಹೇಳುವ ನೆರೆಯವನಂತೆ ಇದು. ನಮ್ಮ ಮನಸ್ಸಾಕ್ಷಿ ಇದನ್ನು ಹೆಚ್ಚು ಸುಲಭವಾಗಿ ಒಪ್ಪುತ್ತದೆ.

ಇನ್ನು ನಮ್ಮ ಪಾಲಿನ ಕೆಲಸ. 2016ರಲ್ಲಿ ಲಕ್ಷಾಂತರ ಕ್ಯಾಮೆರಾ, ಮೋಡೆಮ್‌ಗಳನ್ನು ವಶಪಡಿಸಿಕೊಂಡ ‘ಮಿರಾಯ್’ ಪ್ರಯೋಗಿಸಿದ್ದು ಕಾರ್ಖಾನೆಯಿಂದಲೇ ಬಂದ ಪಾಸ್‌ವರ್ಡ್‌ಗಳನ್ನು. ನಿಮ್ಮ ಮನೆಗೆ ಕ್ಯಾಮೆರಾ ಹಾಕಿಕೊಟ್ಟವರನ್ನು ಕರೆದು ಎರಡು ಮಾತು ಕೇಳಿರಿ: ಆ ಪಾಸ್‌ವರ್ಡ್ ಬದಲಾಯಿಸಿದ್ದೀರಾ? ಮೋಡೆಮ್‌ನಲ್ಲಿ ಹೊರಗಿನವರಿಗೆ ದಾರಿ ಬಿಟ್ಟಿದ್ದೀರಾ?