ಪ್ರಸಂಗವೂ ಕೇಳುವ ಕಿವಿಯೂ

ಪಾಠಭಾಗ: ನೆಹೆಮೀಯ 8:1-12, ಅಪೊಸ್ತಲರ ಕೃತ್ಯಗಳು 2:37-47.



ಕ್ರೈಸ್ತ ಸಭೆಯ ಜೀವಿತದಲ್ಲಿ ಪ್ರಸಂಗಕ್ಕೂ ಸುವಾರ್ತಾ ಕೂಟಗಳಿಗೂ ಇರುವ ಬೆಲೆ ಏನೆಂಬದನ್ನು ಈ ಸ್ಮರಣ ಸಂಚಿಕೆಯಲ್ಲಿ ನಿಮ್ಮೊಡನೆ ವಿಚಾರಿಸಬೇಕೆಂದು ಅಪೇಕ್ಷಿಸುತ್ತೇವೆ. ಇದು ಸಭಾಪಾಲಕರಿಗೆ ಸೇರಿದ ವಿಷಯ, ಶಾಲೆಯವರಿಗೇಕೆ ಎಂದು ಯಾರಾದರೂ ಕೇಳಬಹುದು. ಪ್ರಸಂಗ ಮಾಡುವ ಕೆಲಸವು ಕೆಲವರದು. ಕೇಳುವ ಕೆಲಸವಾದರೋ ಎಲ್ಲರದು. ಕೇಳುವದನ್ನು ಕಲಿಸುವದು ಉಪಾಧ್ಯಾಯಿನಿಯ ಕಸುಬೇ ಆಗಿರುವದರಿಂದ ಇದನ್ನು ಬರೆಯಲು ಧೈರ್ಯಗೊಂಡೆವು.

ಮೊದಲು ನೆಹೆಮೀಯನ ಗ್ರಂಥದ ಎಂಟನೆಯ ಅಧ್ಯಾಯವನ್ನು ತೆರೆದು ನೋಡೋಣ. ಸೆರೆಯಿಂದ ಹಿಂದಿರುಗಿದ ಜನರು ಯೆರೂಸಲೇಮಿನ ನೀರುಬಾಗಿಲ ಮುಂದಣ ಬಯಲಿನಲ್ಲಿ ಕೂಡಿದರು. ಎಜ್ರನು ಮರದ ಪೀಠದ ಮೇಲೆ ನಿಂತು ಬೆಳಗಿನಿಂದ ಮಧ್ಯಾಹ್ನದವರೆಗೆ ಧರ್ಮಶಾಸ್ತ್ರವನ್ನು ಓದಿದನು. ಇಲ್ಲಿ ಮೂರು ಸಂಗತಿಗಳನ್ನು ಗಮನಿಸಬೇಕು. ಕೂಡಿದವರು ಗಂಡಸರು ಮಾತ್ರವಲ್ಲ. ಸ್ತ್ರೀಯರೂ, ಕೇಳಿ ಗ್ರಹಿಸಬಲ್ಲ ಎಲ್ಲರೂ ಅಲ್ಲಿದ್ದರೆಂದು ಗ್ರಂಥವು ಸ್ಪಷ್ಟವಾಗಿ ಹೇಳುತ್ತದೆ. ಓದಿದ್ದು ಓದಿದಷ್ಟಕ್ಕೇ ನಿಲ್ಲಲಿಲ್ಲ. ಲೇವಿಯರು ಅದರ ಅರ್ಥವನ್ನು ಜನರಿಗೆ ಬಿಡಿಸಿ ತಿಳಿಸಿದರು. ಕೊನೆಗೆ, ಕೇಳಿ ಅತ್ತವರನ್ನು ಅಳುತ್ತಲೇ ಇರಲು ಬಿಡಲಿಲ್ಲ. ಮನೆಗೆ ಹೋಗಿ ಉಂಡು, ಏನೂ ಸಿದ್ಧವಿಲ್ಲದವರಿಗೆ ಪಾಲು ಕಳುಹಿಸಿರೆಂದು ಅಪ್ಪಣೆಯಾಯಿತು. ಬಯಲಿನಲ್ಲಿ ಪ್ರಾರಂಭವಾದ ಕೂಟವು ಬಡವನ ಅಡಿಗೆಮನೆಯಲ್ಲಿ ಮುಗಿಯಿತು.

ಪಂಚಾಶತ್ತಮ ದಿನದಲ್ಲಿ ಪೇತ್ರನು ಮಾಡಿದ ಪ್ರಸಂಗದ ಕಥೆಯೂ ಇಂಥದೇ. ಅಂದು ಸುಮಾರು 3000 ಜನರು ಸೇರಿದರೆಂಬದನ್ನು ನಾವು ಮರೆಯುವದಿಲ್ಲ. ಅದರ ಮುಂದಿನ ವಾಕ್ಯಗಳನ್ನು ಮಾತ್ರ ಮರೆಯುತ್ತೇವೆ. ಅವರು ಅಪೊಸ್ತಲರ ಬೋಧನೆಯಲ್ಲಿಯೂ ಅನ್ಯೋನ್ಯತೆಯಲ್ಲಿಯೂ ರೊಟ್ಟಿ ಮುರಿಯುವದರಲ್ಲಿಯೂ ಪ್ರಾರ್ಥನೆಯಲ್ಲಿಯೂ ನಿರತರಾಗಿದ್ದರು. ಕೊರತೆಯುಳ್ಳವರಿಗೆ ತಮ್ಮ ಆಸ್ತಿಯನ್ನು ಹಂಚಿದರು. ಒಂದು ದಿನದ ಕೂಟವು ಪ್ರತಿದಿನದ ಸಭಾಜೀವಿತವಾಗಿ ಮಾರ್ಪಟ್ಟಿತು. ಆದ್ದರಿಂದ ಕೂಟದ ಬೆಲೆಯನ್ನು ಬಂದವರ ಎಣಿಕೆಯಿಂದಲ್ಲ, ಬಂದವರು ಹಿಂದಿರುಗಿ ಹೇಗೆ ಬಾಳಿದರೆಂಬದರಿಂದ ಅಳೆಯಬೇಕು.

ನಮ್ಮ ಕನ್ನಡನಾಡಿನ ಸಭೆಗಳೂ ಪ್ರಸಂಗದಿಂದಲೇ ಹುಟ್ಟಿದವುಗಳು. ಬಳ್ಳಾರಿಯಲ್ಲಿ ಲಂಡನ್ ಮಿಷನಿನ ಜಾನ್ ಹ್ಯಾಂಡ್ಸರು 1810ರಲ್ಲಿ ಕೆಲಸವನ್ನಾರಂಭಿಸಿದರು. 1831ರ ಹೊತ್ತಿಗೆ ಇಡೀ ಸತ್ಯವೇದವು ಕನ್ನಡದಲ್ಲಿ ಅಚ್ಚಾಯಿತು. 1834ರಲ್ಲಿ ಬಾಸೆಲ್ ಮಿಷನಿನ ಹೆಬಿಕ್, ಲೇನರ್, ಗ್ರೈನರ್ ಎಂಬ ಮೂವರು ಮಂಗಳೂರಿಗೆ ಬಂದಿಳಿದರು. ಇವರಲ್ಲಿ ಹೆಬಿಕ್ಕರು ಪ್ರಸಂಗಕ್ಕೆ ಹೆಸರಾದವರು. ಮುಂದೆ 1841ರಿಂದ ಕಣ್ಣಾನೂರಿನಲ್ಲಿದ್ದು, ನೀಳ ಗಡ್ಡದ ಆ ಮನುಷ್ಯರು ಜಾತ್ರೆಗಳಲ್ಲಿ ನಿಂತು ಬೋಧಿಸಿದರು. ದಂಡಿನ ಅಧಿಕಾರಿಗಳ ಬಾಗಿಲನ್ನೂ ತಟ್ಟಿದರು. ದೇಶಭಾಷೆ ಅವರಿಗೆ ಚೆನ್ನಾಗಿ ಒಲಿಯದ್ದರಿಂದ ದುಭಾಷಿಗಳ ನೆರವಿನಿಂದ ಮಾತಾಡುತ್ತಿದ್ದರು.

ಅವರ ತರುವಾಯ ಬಂದವರು ಬೇರೊಂದು ಪಾಠವನ್ನು ಕಲಿತರು. ಜನರಿಗೆ ಹೇಳಬೇಕಾದರೆ ಮೊದಲು ಜನರ ಮಾತನ್ನು ಕೇಳಬೇಕು. 1836ರಲ್ಲಿ ಬಂದ ಮೋಗ್ಲಿಂಗರು ಕನ್ನಡವನ್ನು ಕಲಿತು, 1843ರಲ್ಲಿ ‘ಮಂಗಳೂರ ಸಮಾಚಾರ’ವನ್ನು ಹೊರಡಿಸಿ, ದಾಸರ ಪದಗಳನ್ನು ಸಂಗ್ರಹಿಸಿ ಅಚ್ಚುಹಾಕಿಸಿದರು. 1853ರಲ್ಲಿ ಬಂದ ಕಿಟ್ಟೆಲರು ಹಲವು ದಶಕ ದುಡಿದು, 1894ರಲ್ಲಿ ಕನ್ನಡ-ಇಂಗ್ಲಿಷ್ ನಿಘಂಟನ್ನು ಲೋಕಕ್ಕೆ ಕೊಟ್ಟರು. ಬೋಧಿಸಲು ಬಂದವರು ಕಿವಿಗೊಟ್ಟದ್ದರಿಂದ ನಾಡಿಗೆಲ್ಲಾ ಲಾಭವಾಯಿತು. ಇನ್ನು ಊರೂರು ನಡೆದ ಉಪದೇಶಿಗಳನ್ನೂ, ಸೆರಗಿನಲ್ಲಿ ಸುವಾರ್ತೆಯ ಪುಸ್ತಕವನ್ನಿಟ್ಟುಕೊಂಡು ಮನೆಯಿಂದ ಮನೆಗೆ ಹೋದ ಬೈಬಲ್ ಸ್ತ್ರೀಯರನ್ನೂ ಚರಿತ್ರೆಯು ಹೆಚ್ಚಾಗಿ ಹೆಸರಿಸುವದಿಲ್ಲ. ಗಂಡಸರ ಪ್ರಸಂಗವು ತಲುಪದ ಒಳಮನೆಯನ್ನು ತಲುಪಿದವರು ಈ ಸ್ತ್ರೀಯರೇ.

ದೊಡ್ಡ ಕೂಟಗಳಿಗೆ ನೆರೆಯ ಕೇರಳದ ಮಾರಾಮಣ್ ಕೂಟವು ಒಳ್ಳೇ ದೃಷ್ಟಾಂತವಾಗಿದೆ. ಮಾರ್ತೋಮಾ ಸಭೆಯವರು 1888ರಲ್ಲಿ ಸುವಾರ್ತಾ ಸಂಘವೊಂದನ್ನು ಸ್ಥಾಪಿಸಿ, 1895ರಲ್ಲಿ ಪಂಪಾ ನದಿಯ ಮರಳಿನ ಮೇಲೆ ಮೊದಲನೆಯ ಕೂಟವನ್ನು ನಡಿಸಿದರು. ಅಂದಿನಿಂದ ವರುಷ ವರುಷವೂ ಸಹಸ್ರಾರು ಜನರು ಆ ಮರಳಿನ ಮೇಲೆ ಕೂಡುತ್ತಾ ಬಂದಿದ್ದಾರೆ. ಆದರೂ ರಾತ್ರಿಯ ಕೂಟಕ್ಕೆ ಸ್ತ್ರೀಯರು ಬರುವ ಪದ್ಧತಿ ಬಹುಕಾಲ ಇರಲಿಲ್ಲ; 2018ರಲ್ಲಿ ಆ ಕೂಟದ ಹೊತ್ತನ್ನು ಸಂಜೆಗೆ ತಂದ ಮೇಲೆ ಅವರಿಗೂ ಎಡೆಯಾಯಿತು. ಎಜ್ರನ ಕಾಲದ ಬಯಲಿನಲ್ಲಿ ಸ್ತ್ರೀಯರಿಗಿದ್ದ ಸ್ಥಳವು ನಮ್ಮ ಕಾಲದಲ್ಲಿ ಇಷ್ಟು ತಡವಾಗಿ ದೊರೆಯಬೇಕಾಯಿತಲ್ಲಾ ಎಂದು ಯೋಚಿಸತಕ್ಕದ್ದೇ.

ಈಗ ನಮ್ಮದೇ ಒಂದು ತಪ್ಪನ್ನು ಮರೆಮಾಡದೆ ಹೇಳುತ್ತೇವೆ. ನಾವು ಹೊಸದಾಗಿ ಉಪಾಧ್ಯಾಯಿನಿಯಾಗಿದ್ದ ಕಾಲದಲ್ಲಿ, ಬೋರ್ಡಿಂಗಿನ ಹುಡುಗಿಯರು ಭಾನುವಾರದ ಪ್ರಸಂಗವನ್ನು ಪುಸ್ತಕದಲ್ಲಿ ಬರೆದು ತರಬೇಕೆಂದು ಕಟ್ಟಳೆಮಾಡಿ ಅದಕ್ಕೆ ಅಂಕಗಳನ್ನೂ ಕೊಡುತ್ತಿದ್ದೆವು. ಒಂದು ಭಾನುವಾರ ಸಭಾಪಾಲಕರು, ಕಾಣಿಕೆಯನ್ನು ಯಜ್ಞವೇದಿಯ ಮುಂದೆ ಬಿಟ್ಟು ಮೊದಲು ಸಹೋದರನೊಡನೆ ಸಮಾಧಾನವಾಗಬೇಕೆಂಬ ಕರ್ತನ ಬೋಧನೆಯನ್ನು ವಿವರಿಸಿದರು. ಸಾಯಂಕಾಲ ಪುಸ್ತಕಗಳನ್ನು ತಿದ್ದುತ್ತಾ ಕುಳಿತಿದ್ದಾಗ ಅಡಿಗೆಯ ಆಯಾ ಬಾಗಿಲಲ್ಲಿ ಬಂದು ನಿಂತಳು. ಆಕೆಗೆ ಓದುಬರಹ ಬಾರದು.

“ಟೀಚರಮ್ಮಾ, ಒಂದು ಗಳಿಗೆ ಹೊರಗೆ ಹೋಗಿ ಬರಲೇ? ಅಯ್ಯನವರು ಹೇಳಿದ್ದು ಕೇಳಿದ ಮೇಲೆ ಕೈ ಕೆಲಸಕ್ಕೆ ಬರುತ್ತಿಲ್ಲ. ನಮ್ಮ ಅಕ್ಕನ ಸಂಗಡ ಮಾತುಬಿಟ್ಟು ಎರಡು ವರುಷವಾಯಿತು” ಎಂದಳು.

ಹೋಗೆಂದೆವು. ಆಕೆ ಹೋದ ಮೇಲೆ ಮುಂದಿದ್ದ ಪುಸ್ತಕವನ್ನು ನೋಡಿದೆವು. ಪ್ರಸಂಗದ ಮೂರು ಭಾಗಗಳೂ ಅಂದವಾಗಿ ಬರೆಯಲ್ಪಟ್ಟಿದ್ದವು. ಹತ್ತಕ್ಕೆ ಹತ್ತು ಅಂಕ ಹಾಕಿದ್ದೆವು. ಆ ವಾರವೆಲ್ಲಾ ನಾವು ಸಹೋದ್ಯೋಗಿನಿಯೊಬ್ಬರೊಡನೆ ಮಾತಾಡದೆ ಇದ್ದೆವೆಂಬದು ಆಗ ನೆನಪಿಗೆ ಬಂತು. ಪ್ರಸಂಗದ ಹೊತ್ತಿನಲ್ಲಿ ನಾವಿಬ್ಬರೂ ಒಂದೇ ಬೆಂಚಿನಲ್ಲಿ ಕುಳಿತಿದ್ದೆವು. ಅಕ್ಷರ ಬಾರದವಳು ಕೇಳಿದ್ದಳು. ಅಂಕ ಕೊಡುವವರು ಕೇಳಿರಲಿಲ್ಲ. ಆ ರಾತ್ರಿ ದೀಪ ಆರುವದಕ್ಕೆ ಮುಂಚೆ ನಾವೂ ಒಂದು ಬಾಗಿಲನ್ನು ತಟ್ಟಿದೆವು. ಅಂದಿನಿಂದ ಪ್ರಸಂಗಕ್ಕೆ ಅಂಕ ಕೊಡುವದನ್ನು ನಿಲ್ಲಿಸಿಬಿಟ್ಟೆವು.

ಸಭೆಯಾಗಿ ಕೂಡಿ ಕೇಳುವದರ ವಿಶೇಷವು ಇಲ್ಲಿಯೇ ಇದೆ. ಈಗ ಮೊಬೈಲಿನಲ್ಲಿ ಲೋಕಪ್ರಸಿದ್ಧರ ಪ್ರಸಂಗಗಳು ಮನೆಯಲ್ಲಿಯೇ ದೊರೆಯುತ್ತವೆ. ರೋಗಿಗಳಿಗೂ ವೃದ್ಧರಿಗೂ ಅದು ಉಪಕಾರವೇ ಸರಿ. ಆದರೆ ನಾವು ಯಾರೊಡನೆ ಮುನಿದಿರುವೆವೋ ಅವರು ಅಲ್ಲಿ ಪಕ್ಕದಲ್ಲಿ ಕುಳಿತಿರುವದಿಲ್ಲ. ರುಚಿಸದ ಮಾತು ಬಂದರೆ ಬೆರಳ ತುದಿಯಿಂದ ನಿಲ್ಲಿಸಿಬಿಡಬಹುದು. ಸಭೆಯಲ್ಲಾದರೋ ಬಡವನೂ ಧನಿಕನೂ ಅತ್ತೆಯೂ ಸೊಸೆಯೂ ಒಂದೇ ವಾಕ್ಯದ ಕೆಳಗೆ ಕುಳಿತುಕೊಳ್ಳಬೇಕು.

ಪ್ರಸಂಗಗಳಲ್ಲಿ ದೋಷವಿಲ್ಲವೆಂದು ನಾವು ಹೇಳುವದಿಲ್ಲ. ಪೌಲನಂಥವನೇ ಮಧ್ಯರಾತ್ರಿಯ ತನಕ ಮಾತಾಡಿದಾಗ ಕಿಟಕಿಯಲ್ಲಿ ಕುಳಿತಿದ್ದ ಯೂತಿಕನೆಂಬ ಯೌವನಸ್ಥನು ತೂಕಡಿಸಿ ಮೂರನೆಯ ಅಂತಸ್ತಿನಿಂದ ಕೆಳಗೆ ಬಿದ್ದನು. ಪೌಲನು ಅವನನ್ನು ಗದರಿಸಲಿಲ್ಲ, ಇಳಿದುಬಂದು ತಬ್ಬಿಕೊಂಡನು. ದೀರ್ಘವಾಗಿ ಮಾತಾಡುವ ಬೋಧಕರು ಇದನ್ನು ನೆನಸುವದು ಒಳ್ಳೇದು. ಧ್ವನಿವರ್ಧಕದ ಅಬ್ಬರದಿಂದ ನೆರೆಯವನ ನಿದ್ರೆಯನ್ನು ಕೆಡಿಸಿ ಅವನಿಗೆ ಪ್ರೀತಿಯನ್ನು ಬೋಧಿಸುವದೂ ಯುಕ್ತವಲ್ಲ. ಬೆರೋಯದವರು ಪೌಲನ ಮಾತನ್ನು ಸಿದ್ಧಮನಸ್ಸಿನಿಂದ ಕೇಳಿ, ಅದು ಹಾಗೆಯೇ ಇದೆಯೋ ಎಂದು ಪ್ರತಿದಿನ ಶಾಸ್ತ್ರವನ್ನು ಶೋಧಿಸಿದರು. ಬೋಧಕರನ್ನು ಗೌರವಿಸುವದೂ ಬೋಧನೆಯನ್ನು ಪರೀಕ್ಷಿಸುವದೂ ಒಂದಕ್ಕೊಂದು ವಿರೋಧವಲ್ಲ.

ಕೊನೆಯದಾಗಿ ಮೂರು ವಿಜ್ಞಾಪನೆಗಳು. ತಂದೆತಾಯಿಗಳು ಆರಾಧನೆಯಿಂದ ಮನೆಗೆ ಬಂದು ಮಕ್ಕಳ ಮುಂದೆ ಪ್ರಸಂಗಿಯ ಉಚ್ಚಾರವನ್ನು ಹಾಸ್ಯಮಾಡದೆ, ಊಟದ ಹೊತ್ತಿನಲ್ಲಿ ಕೇಳಿದ್ದರಲ್ಲಿ ಒಂದು ಮಾತನ್ನಾದರೂ ನೆನಪಿಸಿಕೊಳ್ಳಲಿ. ಕೂಟಗಳನ್ನು ಏರ್ಪಡಿಸುವವರು ಅಡಿಗೆಯವರೂ ಆಳುಗಳೂ ಮಗುವನ್ನೆತ್ತಿದ ತಾಯಂದಿರೂ ಬರತಕ್ಕ ಹೊತ್ತನ್ನು ನೇಮಿಸಲಿ. ನಮ್ಮ ಪೂರ್ವ ವಿದ್ಯಾರ್ಥಿನಿಯರಾದ ನೀವು ಪ್ರತಿ ಸೋಮವಾರ ನಿಮ್ಮನ್ನು ನೀವೇ ಒಂದು ಪ್ರಶ್ನೆ ಕೇಳಿಕೊಳ್ಳಿರಿ: ‘ನಿನ್ನೆ ಕೇಳಿದ್ದರಿಂದ ಈ ಹೊತ್ತು ನಾನು ಯಾರ ಬಾಗಿಲಿಗೆ ಹೋಗಬೇಕು?’

ಈ ಶಾಲೆಯ ಗಂಟೆಯನ್ನು ಕೇಳಿ ಒಂದು ಕಾಲದಲ್ಲಿ ನೀವು ಓಡಿಬರುತ್ತಿದ್ದಿರಿ. ಕರ್ತನ ಮಾತನ್ನು ಕೇಳಿ ಎದ್ದು ಹೊರಡುವ ಪಾದಗಳನ್ನು ಆತನು ನಿಮಗೂ ನಮಗೂ ಅನುಗ್ರಹಿಸಲಿ.